ಮಕ್ಕಳ ವಿಭಾಗದ ಬಾಗಿಲು ದಾಟಿದ ಮೇಲೆ

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಿಗೆ ಬರವಿಲ್ಲ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇದೆ, ಬಾಪೂಜಿ ಆಸ್ಪತ್ರೆ ಮತ್ತು ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಊರವರು ಸಿ.ಜಿ. ಆಸ್ಪತ್ರೆ ಎಂದೇ ಕರೆಯುವ ಚಿಗಟೇರಿ ಜಿಲ್ಲಾಸ್ಪತ್ರೆ, ಎಸ್.ಎಸ್. ಹೈಟೆಕ್ ಆಸ್ಪತ್ರೆ, ಇವುಗಳ ಜೊತೆಗೆ ಬಡಾವಣೆಗೆ ನಾಲ್ಕರಂತೆ ಖಾಸಗಿ ಕ್ಲಿನಿಕ್ಕುಗಳಿವೆ. ಹರಿಹರದಿಂದ ಹತ್ತಿರ ಹತ್ತಿರ 14 ಕಿ.ಮೀ. ದಾರಿ, ಬಸ್ಸಾದರೂ ಸರಿ, ರೈಲಾದರೂ ಸರಿ, ಅರ್ಧ ಗಂಟೆಯಲ್ಲಿ ಕೂಸನ್ನು ತಜ್ಞರ ಮುಂದೆ ಕೂರಿಸಬಹುದು. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರುಗಳ ಕಡೆಯಿಂದಲೂ ಮಕ್ಕಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಾಯಂದಿರು ಇಲ್ಲಿಗೇ ಬರುತ್ತಾರೆ.

ತೊಡಕು ಶುರುವಾಗುವುದು ಆ ಕೂಸಿಗೆ ಮೀಸೆ ಚಿಗುರಿದಾಗ.

ನೆಗಡಿ, ಜ್ವರಕ್ಕೆ ಬಂದ ಮಗು ವಾಸಿಯಾಗಿ ಹೋಗುತ್ತದೆ, ಅದರ ವಯಸ್ಸು ಯಾರಿಗೂ ಸಮಸ್ಯೆಯಲ್ಲ. ಆದರೆ ಟೈಪ್ 1 ಸಕ್ಕರೆ ಕಾಯಿಲೆ, ಥಲಸ್ಸೇಮಿಯಾ, ಹಿಮೋಫಿಲಿಯಾ, ಮೂರ್ಛೆರೋಗ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕಿಡ್ನಿ ಕಾಯಿಲೆ ಇವೆಲ್ಲ ಮಗುವಿನೊಂದಿಗೇ ಬೆಳೆಯುತ್ತವೆ. ಹತ್ತು ಹದಿನೈದು ವರ್ಷ ಒಂದೇ ಡಾಕ್ಟರು, ಒಂದೇ ವಾರ್ಡು, ಹೆಸರು ಹಿಡಿದು ಕರೆಯುವ ಸಿಸ್ಟರುಗಳು. ಆಮೇಲೊಂದು ದಿನ ಚೀಟಿ ಬರೆಯುವ ಕೌಂಟರಿನಲ್ಲಿ ಮಾತು ಬರುತ್ತದೆ: ‘ಹುಡುಗ ದೊಡ್ಡೋನಾದ್ನಲ್ಲಮ್ಮ, ಇನ್ನು ಮೆಡಿಸಿನ್ ಓಪಿಡಿಗೆ ಹೋಗ್ರಿ.’ ಕೆಲವು ಆಸ್ಪತ್ರೆಗಳಲ್ಲಿ ಈ ಮಾತು 12ಕ್ಕೆ ಬರುತ್ತದೆ, ಕೆಲವೆಡೆ 14ಕ್ಕೆ, ಇನ್ನು ಕೆಲವೆಡೆ 18ಕ್ಕೆ.

ಮೆಡಿಸಿನ್ ಓಪಿಡಿಯ ಲೋಕವೇ ಬೇರೆ. ಸಾಲಿನಲ್ಲಿ ಬಿ.ಪಿ., ಶುಗರು, ಮಂಡಿನೋವಿನ ಹಿರಿಯರು. ಕುರ್ಚಿಯಲ್ಲಿ ಕೂತ ಡಾಕ್ಟರಿಗೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ‘ಏನು ತೊಂದ್ರೆ?’ ಎಂಬ ಪ್ರಶ್ನೆ ನೇರವಾಗಿ ಹುಡುಗನಿಗೆ ಬೀಳುತ್ತದೆ. ಅವನು ತಿರುಗಿ ಅಮ್ಮನ ಮುಖ ನೋಡುತ್ತಾನೆ. ಯಾಕೆಂದರೆ ಎರಡನೇ ವರ್ಷಕ್ಕೆ ಮೊದಲ ಸಲ ಏನಾಯಿತು, ಯಾವ ಔಷಧಕ್ಕೆ ಮೈಯೆಲ್ಲ ಗಂಧೆ ಎದ್ದಿತು, ಬೆಂಗಳೂರಿಗೆ ಯಾವಾಗ ಕರೆದೊಯ್ದರು, ಅಲ್ಲಿ ಏನು ಹೇಳಿದರು, ಇದೆಲ್ಲ ಇರುವುದು ಅಮ್ಮನ ನೆನಪಿನಲ್ಲಿ. ಕೈಯಲ್ಲಿರುವ ಪ್ಲಾಸ್ಟಿಕ್ ಕವರಿನೊಳಗೆ ಮಾಸಿದ ಚೀಟಿಗಳು, ಅಂಟಿಕೊಂಡ ಎಕ್ಸ್‌ರೇಗಳು, ಅಕ್ಷರ ಅಳಿಸಿಹೋದ ಲ್ಯಾಬ್ ರಿಪೋರ್ಟುಗಳು ಇರುತ್ತವೆ. ಅದನ್ನು ಬಿಡಿಸಿ ಓದುವಷ್ಟು ಪುರಸೊತ್ತು ಆ ಸಾಲಿನಲ್ಲಿ ಯಾರಿಗೂ ಇಲ್ಲ. ಎರಡು ಸಲ ಹೀಗಾದ ಮೇಲೆ ಹುಡುಗ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾನೆ. ಮತ್ತೆ ಬರುವುದು ಆಂಬುಲೆನ್ಸಿನಲ್ಲಿ.

ಇದು ವೈದ್ಯಶಾಸ್ತ್ರ ಗೆದ್ದಿದ್ದರಿಂದ ಹುಟ್ಟಿದ ಸಮಸ್ಯೆ. ನೂರು ವರ್ಷದ ಹಿಂದೆ ಈ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ ಆಗ 14 ವರ್ಷ. ಅಲ್ಲಿಯವರೆಗೆ ಟೈಪ್ 1 ಸಕ್ಕರೆ ಕಾಯಿಲೆ ಬಂದ ಮಗು ಹೆಚ್ಚೆಂದರೆ ಒಂದೆರಡು ವರ್ಷ ಬದುಕುತ್ತಿತ್ತು. ಥಾಂಪ್ಸನ್ ಮತ್ತೆ 13 ವರ್ಷ ಬದುಕಿದ. 1922ರಲ್ಲೇ ಇನ್ಸುಲಿನ್ ಶುರುಮಾಡಿದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಬಾಳಿದಳು. ಮಕ್ಕಳ ಕಾಯಿಲೆ ಎಂದುಕೊಂಡದ್ದು ಹೀಗೆ ಒಂದೊಂದಾಗಿ ದೊಡ್ಡವರ ಕಾಯಿಲೆಯೂ ಆಯಿತು. ಅಮೆರಿಕದಲ್ಲಿ ಇದನ್ನು ದೇಶದ ಮಟ್ಟದ ಚರ್ಚೆಗೆ ತಂದವರು ಅಲ್ಲಿನ ಸರ್ಜನ್ ಜನರಲ್ ಆಗಿದ್ದ ಸಿ. ಎವರೆಟ್ ಕೂಪ್. ಅವರು ಸ್ವತಃ ಮಕ್ಕಳ ಶಸ್ತ್ರಚಿಕಿತ್ಸಕರು. ತಮ್ಮಂಥವರು ಉಳಿಸಿದ ಮಕ್ಕಳು ಬೆಳೆದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು 1980ರ ದಶಕದಲ್ಲಿ ಅವರು ಕರೆದ ಸಮಾವೇಶಗಳ ವಿಷಯವಾಗಿತ್ತು.

ನಮ್ಮಲ್ಲಿ ಸರ್ಕಾರಿ ಕಾರ್ಯಕ್ರಮಗಳ ಲೆಕ್ಕಾಚಾರ ಬೇರೊಂದು ಕಥೆ ಹೇಳುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಹೃದಯದಲ್ಲಿ ರಂಧ್ರವಿದೆಯೆಂದರೆ ದೊಡ್ಡ ಆಸ್ಪತ್ರೆಗೆ ಬರೆದು ಕಳಿಸುತ್ತವೆ. ಇನ್ನೊಂದು ಕಡೆ, ಬಿ.ಪಿ., ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳಿಗಾಗಿ ಊರೂರಿನಲ್ಲಿ ನಡೆಯುವ ತಪಾಸಣೆ 30 ವರ್ಷ ದಾಟಿದವರಿಗೆ. ಹದಿಹರೆಯದವರಿಗೆಂದು ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ, ಅವು 10ರಿಂದ 19ರವರಿಗೆ. 19ರಿಂದ 30ರವರೆಗೆ, ಅಂದರೆ ಓದು, ನೌಕರಿ, ಮದುವೆ, ಮೊದಲ ಮಗು ಎಲ್ಲ ನಡೆಯುವ ಆ ಹನ್ನೊಂದು ವರ್ಷ, ಚಿಕ್ಕಂದಿನಿಂದ ಕಾಯಿಲೆ ಹೊತ್ತುಕೊಂಡು ಬಂದವರನ್ನು ಹುಡುಕಿಕೊಂಡು ಬರುವ ಕಾರ್ಯಕ್ರಮವಿಲ್ಲ. ಅವರೇ ಹುಡುಕಿಕೊಂಡು ಹೋಗಬೇಕು.

ಹೋಗದಿದ್ದರೆ ಏನಾಗುತ್ತದೆ ಎಂಬುದು ಕಾಯಿಲೆಯಿಂದ ಕಾಯಿಲೆಗೆ ಬೇರೆ.

ಗಂಟಲುನೋವಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮಾಟಿಕ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಮದ್ದಿಗೆ ದುಡ್ಡು ಹೆಚ್ಚಿಲ್ಲ, ನೋವು ಮಾತ್ರ ಜೋರು. ಚಿಕ್ಕವನಿದ್ದಾಗ ಅಪ್ಪ ಸೈಕಲ್ಲಿನಲ್ಲೋ ಬೈಕಿನಲ್ಲೋ ಕೂರಿಸಿಕೊಂಡು ಹೋಗಿ ತಪ್ಪದೆ ಹಾಕಿಸಿರುತ್ತಾನೆ. ಪಿಯುಸಿ ಮುಗಿಸಿ ಗ್ಯಾರೇಜಿಗೋ ಮಿಲ್ಲಿಗೋ ಸೇರಿದ ಮೇಲೆ ಆ 21ನೇ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಕವಾಟಕ್ಕೆ ಒಮ್ಮೆ ಪೆಟ್ಟು ಬಿದ್ದಿದ್ದರೆ ಈ ಇಂಜೆಕ್ಷನ್ 40 ವರ್ಷದವರೆಗೂ, ಕೆಲವರಿಗೆ ಜೀವಮಾನವಿಡೀ ಬೇಕಾಗಬಹುದು. ಆದರೆ ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಯಾರೋ ಅಂದ ಮಾತೇ ಮನೆಯಲ್ಲಿ ಉಳಿದಿರುತ್ತದೆ.

ಹುಟ್ಟಿನಿಂದ ಹೃದಯದ ತೊಂದರೆ ಇದ್ದವರದು ಇನ್ನೊಂದು ಬಗೆ. ಎರಡನೇ ವರ್ಷಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಮಗು ಓಡಾಡಿತು, ಶಾಲೆಗೆ ಹೋಯಿತು. ಮನೆಯವರ ಪಾಲಿಗೆ ಅಲ್ಲಿಗೆ ಮುಗಿಯಿತು. ‘ನೀಲಿ ಮಗು’ ಎಂದು ಕರೆಸಿಕೊಳ್ಳುವ ಟೆಟ್ರಾಲಜಿ ಆಫ್ ಫ್ಯಾಲೊ ಎಂಬ ತೊಂದರೆಯಲ್ಲಿ ಹಾಗಲ್ಲ. ಆಪರೇಷನ್ ಆದ ಇಪ್ಪತ್ತು ಮೂವತ್ತು ವರ್ಷಕ್ಕೆ ಶ್ವಾಸಕೋಶದ ಕಡೆಯ ಕವಾಟ ಸೋರಿ ಹೃದಯದ ಬಲಭಾಗ ಹಿಗ್ಗಬಹುದು. ವರ್ಷಕ್ಕೊಂದು ಎಕೋ ಮಾಡಿಸುತ್ತಿದ್ದರೆ ಸರಿಯಾದ ಹೊತ್ತಿಗೆ ಕವಾಟ ಬದಲಾಯಿಸಬಹುದು. ಎದೆಯ ಮೇಲಿನ ಹೊಲಿಗೆಯ ಗುರುತು ಯಾಕೆ ಬಂತು ಎಂಬುದೇ ಗೊತ್ತಿಲ್ಲದ ತರುಣ ಎಕೋ ಮಾಡಿಸಲು ಹೋಗುವುದಾದರೂ ಹೇಗೆ?

ಟೈಪ್ 1 ಸಕ್ಕರೆ ಕಾಯಿಲೆಯ ಹುಡುಗನಿಗೆ ದೊಡ್ಡವರ ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಗೊಂದಲವಾಗುವುದು ಸಹಜ. ಅಲ್ಲಿರುವವರು ಬಹುಪಾಲು ಟೈಪ್ 2ರವರು. ಮಾತ್ರೆ, ವಾಕಿಂಗು, ತೂಕ ಇಳಿಸುವ ಮಾತೇ ಹೆಚ್ಚು. ಪಕ್ಕದಲ್ಲಿ ಕೂತ ಹಿರಿಯರು ‘ಇಷ್ಟು ಚಿಕ್ಕ ವಯಸ್ಸಿಗೆ ಇಂಜೆಕ್ಷನ್ ಯಾಕಪ್ಪ, ಬಿಟ್ಟುಬಿಡು’ ಎಂದು ಕಾಳಜಿಯಿಂದಲೇ ಹೇಳುತ್ತಾರೆ. ಟೈಪ್ 1ರವರು ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಹೆಚ್ಚಾಗಿ ಪ್ರಾಣಕ್ಕೆ ಬರುತ್ತದೆ. ಇದರ ಮೇಲೆ ಹಾಸ್ಟೆಲ್ ಬದುಕು. ವಿದ್ಯಾನಗರಿ ಎಂದು ಹೆಸರಾದ ದಾವಣಗೆರೆಗೆ ಓದಲು ಬಂದ ಹುಡುಗರ ರೂಮಿನಲ್ಲಿ ಫ್ರಿಜ್ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಇನ್ಸುಲಿನ್ ಕೆಡದಂತೆ ಇಡಲು ನೀರು ಪಸೆಯಿರುವ ಮಣ್ಣಿನ ಮಡಕೆ ಸಾಕು ಎಂಬುದನ್ನು ಯಾರಾದರೂ ಹೇಳಿಕೊಡಬೇಕು. ಸಂಜೆ ಗೆಳೆಯರೊಂದಿಗೆ ಮಂಡಕ್ಕಿ-ಮಿರ್ಚಿಗೆ ಹೋದರೆ ಆ ಮಂಡಕ್ಕಿಗೆ ಎಷ್ಟು ಯೂನಿಟ್ ಹೆಚ್ಚು ಬೇಕು ಎಂಬ ಲೆಕ್ಕ ಅವನಿಗೇ ಬರಬೇಕು. ರಾತ್ರಿ ಸಕ್ಕರೆ ಇಳಿದು ಬೆವರಿ ತೊದಲಿದರೆ ಗ್ಲೂಕೋಸ್ ಕೊಡಬೇಕು ಎಂಬುದು ರೂಮ್‌ಮೇಟಿಗೆ ಗೊತ್ತಿರಬೇಕು. ಮನೆಯಲ್ಲಿದ್ದಾಗ ಇದೆಲ್ಲ ಅಮ್ಮನ ಕೆಲಸವಾಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಮೌನ ಜಾಸ್ತಿ. ಮೂರ್ಛೆರೋಗಕ್ಕೆ ವ್ಯಾಪಕವಾಗಿ ಬಳಸುವ ವಾಲ್ಪ್ರೊಯೇಟ್ ಔಷಧ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಹತ್ತು ವರ್ಷದ ಹುಡುಗಿಗೆ ಈ ಮಾತು ಬೇಡ, ಮದುವೆ ಗೊತ್ತಾದವಳಿಗೆ ಬೇಕೇಬೇಕು. ನಡುವೆ ಡಾಕ್ಟರು ಬದಲಾದರೆ ಇದನ್ನು ಯಾರು ಹೇಳಬೇಕಿತ್ತೋ ಅವರು ಇನ್ನೊಬ್ಬರು ಹೇಳಿರುತ್ತಾರೆ ಎಂದುಕೊಳ್ಳುತ್ತಾರೆ. ಮೂರ್ಛೆರೋಗವಿದ್ದರೆ ಮದುವೆಯೇ ಅಸಿಂಧು ಎಂಬ ಹೆದರಿಕೆ ಇನ್ನೂ ಹಲವು ಮನೆಗಳಲ್ಲಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಆ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ.

ವಿಭಾಗ ಬದಲಾವಣೆಯ ಅಪಾಯ ಶ್ರೀಮಂತ ದೇಶಗಳಲ್ಲೂ ಕಂಡದ್ದೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಮಕ್ಕಳ ಕಿಡ್ನಿ ತಜ್ಞ ಎ.ಆರ್. ವಾಟ್ಸನ್ 2000ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಕಸಿ ಮಾಡಿದ ಕಿಡ್ನಿಯೊಂದಿಗೆ ದೊಡ್ಡವರ ಘಟಕಕ್ಕೆ ಹೋದ 20 ಮಂದಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವರ ಕಿಡ್ನಿ ಮೂರು ವರ್ಷದೊಳಗೆ ಅನಿರೀಕ್ಷಿತವಾಗಿ ಕೆಟ್ಟಿತ್ತು. ಅಷ್ಟು ವರ್ಷ ಜೋಪಾನ ಮಾಡಿದ ಕಿಡ್ನಿಗಳವು.

ಹಾಗಾದರೆ ಈ ದಾಟುವಿಕೆ ಸಲೀಸಾಗಿ ನಡೆಯುವ ಜಾಗವೇ ಇಲ್ಲವೆ? ದಾವಣಗೆರೆಯಲ್ಲೇ ಒಂದಿದೆ.

ಹಿಮೋಫಿಲಿಯಾಕ್ಕೆ ಕನ್ನಡದಲ್ಲಿ ಕುಸುಮರೋಗ ಎಂಬ ಹೆಸರೂ ಇದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಎಂಟನೆಯದೋ ಒಂಬತ್ತನೆಯದೋ ಕೊರತೆಯಾಗಿ ಬರುವ ಕಾಯಿಲೆ. ಎಂಟನೆಯದರ ಕೊರತೆ ಹೆಚ್ಚು ಸಾಮಾನ್ಯ. ಸುಮಾರು 5,000 ಗಂಡುಮಕ್ಕಳಿಗೆ ಒಬ್ಬರಲ್ಲಿ ಕಾಣುತ್ತದೆ. ಗಾಯವಾದರೆ ರಕ್ತ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಬದುಕು ಹಾಳುಮಾಡುವುದು ಕಣ್ಣಿಗೆ ಕಾಣದ ರಕ್ತಸ್ರಾವ. ಮಂಡಿ, ಮೊಣಕೈ, ಕಾಲಿನ ಹರಡು ಇವುಗಳೊಳಗೆ ರಕ್ತ ಜಿನುಗಿ ಕೀಲು ಬಾತುಕೊಳ್ಳುತ್ತದೆ. ಮತ್ತೆ ಮತ್ತೆ ಹಾಗಾದರೆ ಮೃದ್ವಸ್ಥಿ ಸವೆದು ಇಪ್ಪತ್ತರ ಹರೆಯಕ್ಕೇ ಕಾಲು ಸೆಟೆದು ನಿಲ್ಲುತ್ತದೆ.

ಈ ಕಾಯಿಲೆ ಇದ್ದವರಿಗಾಗಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿದ್ದವರು, ಸ್ವತಃ ಹಿಮೋಫಿಲಿಯಾ ಇರುವವರು. ಕಾಯಿಲೆ ಇದ್ದವನೇ ಮುಂದೆ ನಿಂತು ಸಂಘ ಕಟ್ಟುವ ಪರಂಪರೆ ಈ ರೋಗಕ್ಕೆ ಹಿಂದಿನಿಂದಲೂ ಇದೆ. 1963ರಲ್ಲಿ ವಿಶ್ವ ಹಿಮೋಫಿಲಿಯಾ ಒಕ್ಕೂಟ ಸ್ಥಾಪಿಸಿದ ಕೆನಡಾದ ಉದ್ಯಮಿ ಫ್ರಾಂಕ್ ಶ್ನಾಬೆಲ್‌ಗೂ, 1983ರಲ್ಲಿ ಭಾರತದ ಒಕ್ಕೂಟ ಶುರುಮಾಡಿದ ಅಶೋಕ್ ಬಹಾದ್ದೂರ್ ವರ್ಮಾ ಅವರಿಗೂ ಇದೇ ಕಾಯಿಲೆಯಿತ್ತು. ಶ್ನಾಬೆಲ್ ಹುಟ್ಟಿದ ಏಪ್ರಿಲ್ 17ನ್ನೇ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ.

ಸೊಸೈಟಿಯಂಥ ಕೇಂದ್ರಗಳ ಮುಖ್ಯ ಗುಣ ಒಂದಿದೆ. ಅಲ್ಲಿ ಜನರನ್ನು ವಿಂಗಡಿಸುವುದು ಕಾಯಿಲೆಯ ಮೇಲೆ, ವಯಸ್ಸಿನ ಮೇಲಲ್ಲ. ಎರಡು ವರ್ಷದ ಕೂಸೂ ನಲವತ್ತರ ಯಜಮಾನರೂ ಒಂದೇ ಕಡೆ ಬರುತ್ತಾರೆ. ಹದಿನೆಂಟು ತುಂಬಿದ ದಿನ ಯಾವ ಬಾಗಿಲೂ ಮುಚ್ಚುವುದಿಲ್ಲ. ಹರಿಹರದ ಹತ್ತು ವರ್ಷದ ಹುಡುಗನಿಗೆ ಇದೇ ಕಾಯಿಲೆ ಇಟ್ಟುಕೊಂಡು ಮೇಷ್ಟ್ರಾದವರನ್ನು, ಅಂಗಡಿ ಇಟ್ಟವರನ್ನು, ಮದುವೆಯಾಗಿ ಮಕ್ಕಳಿರುವವರನ್ನು ಎದುರಿಗೇ ನೋಡುವ ಅವಕಾಶವಿರುತ್ತದೆ. ತಾನೂ ದೊಡ್ಡವನಾಗುತ್ತೇನೆ ಎಂದು ನಂಬಲು ಆ ಹುಡುಗನಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯದು, ಕೈಗೆ ಕೆಲಸ ಕೊಡುವುದು. ಹಿಮೋಫಿಲಿಯಾ ಸಂಘಗಳ ಶಿಬಿರಗಳಲ್ಲಿ ಹುಡುಗರಿಗೆ ತಮ್ಮ ಇಂಜೆಕ್ಷನ್ ತಾವೇ ಚುಚ್ಚಿಕೊಳ್ಳುವುದನ್ನು ಕಲಿಸುವ ವಾಡಿಕೆಯಿದೆ. ರಕ್ತ ಹೆಪ್ಪುಗಟ್ಟಿಸುವ ಆ ಅಂಶ, ಅಂದರೆ ಫ್ಯಾಕ್ಟರ್, ಪುಡಿಯ ರೂಪದಲ್ಲಿ ಚಿಕ್ಕ ಬಾಟಲಿಯಲ್ಲಿರುತ್ತದೆ, ಬೆರೆಸುವ ನೀರು ಇನ್ನೊಂದರಲ್ಲಿ. ಮೊದಲು ಕೈ ತೊಳೆಯಬೇಕು. ಬಾಟಲಿ ಫ್ರಿಜ್ಜಿನಿಂದ ತೆಗೆದದ್ದಾದರೆ ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ನೀರು ಬೆರೆಸಿದ ಮೇಲೆ ಜೋರಾಗಿ ಕುಲುಕಬಾರದು, ನೊರೆ ಬಂದರೆ ಪ್ರೊಟೀನು ಹಾಳು. ಅಂಗೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ತೋಳಿಗೆ ಪಟ್ಟಿ ಕಟ್ಟಿ ನರ ಉಬ್ಬಿಸಿ, ಎರಡು ರೆಕ್ಕೆಯ ಚಿಕ್ಕ ಸೂಜಿ ಇಳಿಸಿ, ಕೊಳವೆಯಲ್ಲಿ ರಕ್ತ ಕಂಡಿತೋ ನೋಡಿ, ಪಟ್ಟಿ ಬಿಚ್ಚಿ, ಅವಸರ ಮಾಡದೆ ಒತ್ತಬೇಕು. ಮುಗಿದ ಮೇಲೆ ಪುಸ್ತಕದಲ್ಲಿ ಬರೆಯಬೇಕು: ತಾರೀಖು, ಯಾವ ಕೀಲು, ಎಷ್ಟು ಯೂನಿಟ್, ಬಾಟಲಿಯ ಬ್ಯಾಚ್ ನಂಬರ್. ಮೊದಲ ಸಲ ಕೈ ನಡುಗುತ್ತದೆ, ನರ ತಪ್ಪುತ್ತದೆ. ಪಕ್ಕದಲ್ಲಿ ಕೂತ ಹಿರಿಯ ಹುಡುಗ ತನ್ನ ತೋಳು ತೋರಿಸಿ ‘ನನಗೂ ಹಂಗೇ ಆಗಿತ್ತು, ಮತ್ತೊಂದ್ಸಲ ನೋಡು’ ಅನ್ನುತ್ತಾನೆ.

ಈ ಕೌಶಲಕ್ಕೆ ಬೆಲೆ ಯಾಕೆಂದರೆ ಸಮಯ. ಕೀಲಿನಲ್ಲಿ ರಕ್ತ ಜಿನುಗಲು ಶುರುವಾದಾಗ ಬಾವು ಕಾಣುವ ಮುಂಚೆ ಒಳಗೆ ಜುಮ್ಮೆನ್ನುವ ಒಂದು ಅನುಭವ ಆಗುತ್ತದೆ. ಅದು ಗೊತ್ತಾಗುವುದು ಆ ಹುಡುಗನಿಗೆ ಮಾತ್ರ, ಡಾಕ್ಟರಿಗಲ್ಲ, ಅಮ್ಮನಿಗಲ್ಲ. ಒಂದೆರಡು ಗಂಟೆಯೊಳಗೆ ಫ್ಯಾಕ್ಟರ್ ಹೋದರೆ ಕೀಲು ಉಳಿಯುತ್ತದೆ. ಈಗ ಎಮಿಸಿಜುಮ್ಯಾಬ್ ಎಂಬ ಹೊಸ ಔಷಧವೂ ಬಂದಿದೆ. ಅದನ್ನು ವಾರಕ್ಕೋ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಚರ್ಮದಡಿ ಚುಚ್ಚಿದರೆ ಸಾಕು, ನರ ಹುಡುಕುವ ಕಷ್ಟವಿಲ್ಲ. ದುಬಾರಿ ಔಷಧವದು. ಫ್ಯಾಕ್ಟರನ್ನು ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಇಲ್ಲೂ ಹದಿನೆಂಟರ ಹೊಸ್ತಿಲಿನಲ್ಲಿ ಹೊಸದಾಗಿ ಹೇಳಬೇಕಾದ್ದು ಇದೆ, ಅದರಲ್ಲೂ ಮದುವೆಯ ವಿಷಯ. ಮಗು ಚಿಕ್ಕದಿದ್ದಾಗ ಡಾಕ್ಟರು ಅನುವಂಶೀಯತೆಯ ಪಾಠ ಹೇಳಿದ್ದು ತಾಯಿಗೆ: ‘ಕಾಯಿಲೆ ನಿಮ್ಮ ಕಡೆಯಿಂದ ಬಂದಿರಬಹುದು, ಮುಂದಿನ ಮಗುವಿಗೆ ಪರೀಕ್ಷೆ ಮಾಡಿಸಿ.’ ಬೆಳೆದ ಮಗನಿಗೆ ಗೊತ್ತಿರಬೇಕಾದ ಪಾಠ ಬೇರೆ. ಹೆಂಡತಿಗೆ ಈ ದೋಷ ಇಲ್ಲದಿದ್ದರೆ ಅವನ ಗಂಡುಮಕ್ಕಳಿಗೆ ಕಾಯಿಲೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರಾಗುತ್ತಾರೆ. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಇರುವ ನಮ್ಮ ಕಡೆ ಇದರ ಮುಂದಿನ ಮಾತೂ ಬೇಕು. ಅಕ್ಕ ವಾಹಕಳಾಗಿದ್ದರೆ ಅವಳ ಮಗಳೂ ವಾಹಕಳಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಹಿಮೋಫಿಲಿಯಾ ಇರುವ ಸೋದರಮಾವ ಅಂಥ ಹುಡುಗಿಯನ್ನು ಮದುವೆಯಾದರೆ ಗಂಡುಮಗುವಿಗಷ್ಟೇ ಅಲ್ಲ, ಹೆಣ್ಣುಮಗುವಿಗೂ ಪೂರ್ತಿ ಕಾಯಿಲೆ ಬರಬಹುದು. ಈ ಮಾತನ್ನು ಹುಡುಗನಿಗೆ, ಅವನ ಅಕ್ಕನಿಗೆ, ಮನೆಯ ಹಿರಿಯರಿಗೆ ಲಗ್ನಪತ್ರಿಕೆ ಅಚ್ಚಾಗುವುದಕ್ಕೆ ಬಹಳ ಮೊದಲೇ ಹೇಳಬೇಕು.

ಎಲ್ಲ ಕಾಯಿಲೆಗೂ ಹೀಗೊಂದು ಸೊಸೈಟಿ ಹುಟ್ಟುವುದಿಲ್ಲ. ಆದರೆ ಅಲ್ಲಿನ ನಡವಳಿಕೆಯನ್ನು ಉಳಿದ ಕಾಯಿಲೆಗಳವರು ಎರವಲು ಪಡೆಯಬಹುದು. ಜಗತ್ತಿನ ಬೇರೆಡೆ ಬರೆದಿಟ್ಟ ನಿಯಮಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ತಯಾರಿ 13-14ನೇ ವಯಸ್ಸಿಗೇ ಶುರುವಾಗಬೇಕು. ಪ್ರತಿ ಹುಡುಗ-ಹುಡುಗಿಗೆ ಇಂಥವರೇ ಎಂದು ಗೊತ್ತುಮಾಡಿದ ಒಬ್ಬ ಸಿಬ್ಬಂದಿ ಇರಬೇಕು, ಅವರ ಜವಾಬ್ದಾರಿ ವಿಭಾಗ ಬದಲಾಗುವುದಕ್ಕೆ ಕನಿಷ್ಠ ಆರು ತಿಂಗಳು ಮುಂಚಿನಿಂದ ಬದಲಾದ ಆರು ತಿಂಗಳ ನಂತರದವರೆಗೆ ಇರಬೇಕು. ಹೊಸ ಡಾಕ್ಟರನ್ನು ಹಳೆಯ ಡಾಕ್ಟರ ಕೋಣೆಯಲ್ಲೇ ಒಮ್ಮೆ ಭೇಟಿ ಮಾಡಿಸಿದರೆ ಒಳ್ಳೆಯದು. ಬರಬೇಕಾದ ದಿನ ಬರದಿದ್ದರೆ ಫೋನ್ ಮಾಡಿ ಕೇಳಬೇಕು.

ಟೊರಾಂಟೊದ ಮಕ್ಕಳ ಆಸ್ಪತ್ರೆ ಸಿಕ್‌ಕಿಡ್ಸ್ ಇನ್ನೂ ಸರಳವಾದ ಒಂದು ಅಭ್ಯಾಸ ಮಾಡಿಸುತ್ತದೆ. ಹುಡುಗ ತನ್ನ ಕಾಯಿಲೆಯನ್ನು ಮೂರೇ ವಾಕ್ಯದಲ್ಲಿ ಹೇಳಬೇಕು. ಮೊದಲನೆಯದು ತಾನು ಯಾರು, ಏನು ಕಾಯಿಲೆ. ಎರಡನೆಯದು ಈಗ ನಡೆಯುತ್ತಿರುವ ಚಿಕಿತ್ಸೆ. ಮೂರನೆಯದು ಇವತ್ತು ಬಂದ ಕಾರಣ. ಹರಿಹರದ ಹುಡುಗಿಯೊಬ್ಬಳು ಹೇಳುವುದಾದರೆ ಅದು ಹೀಗಿರಬಹುದು: ‘ಸರ್, ನನಗೆ 17 ವರ್ಷ, ಒಂದು ವರ್ಷದವಳಿದ್ದಾಗ ಥಲಸ್ಸೇಮಿಯಾ ಇದೆ ಅಂತ ಗೊತ್ತಾಯ್ತು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ತೀನಿ, ಕಬ್ಬಿಣ ಇಳಿಸೋಕೆ ದಿನಾ ಡೆಫೆರಾಸಿರಾಕ್ಸ್ ತಗೊಳ್ತೀನಿ. ಹೋದ ಸಲದ ಫೆರಿಟಿನ್ ಜಾಸ್ತಿ ಬಂದಿದೆ, ಮತ್ತೆ ನನಗಿನ್ನೂ ಮುಟ್ಟು ಶುರುವಾಗಿಲ್ಲ, ಅದನ್ನ ಕೇಳೋಕೆ ಬಂದೆ.’ ಮೆಡಿಸಿನ್ ಓಪಿಡಿಯ ಕೆಲವೇ ನಿಮಿಷಕ್ಕೆ ಇಷ್ಟು ಧಾರಾಳ ಸಾಕು. ದೇಹದಲ್ಲಿ ಕಬ್ಬಿಣ ಸೇರಿ ಗ್ರಂಥಿಗಳು ಮಂಕಾಗಿ ಮುಟ್ಟು ತಡವಾಗುವುದು ಥಲಸ್ಸೇಮಿಯಾದಲ್ಲಿ ಗೊತ್ತಿರುವ ಸಂಗತಿ. ಅಮ್ಮ ಮುಜುಗರಪಟ್ಟು ಬಿಟ್ಟಿರಬಹುದಾದ ಮಾತನ್ನು ಹುಡುಗಿ ತಾನೇ ಕೇಳಿದಳು.

ಇದಕ್ಕೆ ಅಪ್ಪ ಅಮ್ಮಂದಿರು ಸ್ವಲ್ಪ ಹಿಂದೆ ಸರಿಯಬೇಕು. ಅದು ಹೇಳಿದಷ್ಟು ಸುಲಭವಲ್ಲ. ಹದಿನೈದು ವರ್ಷ ರಾತ್ರಿ ಎದ್ದು ಮಗನ ಉಸಿರು ನೋಡಿದ ತಾಯಿಗೆ ‘ಐದು ನಿಮಿಷ ಹೊರಗೆ ಕೂತಿರಿ’ ಎಂದರೆ ಎದೆಗೆ ಚುಚ್ಚುತ್ತದೆ. ಆದರೆ ಆ ಐದು ನಿಮಿಷದಲ್ಲೇ ಹುಡುಗ ಡಾಕ್ಟರಿಗೆ ಮಾತ್ರೆ ಬಿಟ್ಟದ್ದನ್ನು, ಸಿಗರೇಟು ಸೇದಿದ್ದನ್ನು, ಮುಂದೆ ಮದುವೆಯಾಗಬಹುದೇ ಎಂಬ ಅಂಜಿಕೆಯನ್ನು ಹೇಳುವುದು. ಹನ್ನೆರಡಕ್ಕೆ ಕಾಯಿಲೆಯ ಹೆಸರು ಬಾಯಿಗೆ ಬರಲಿ, ಹದಿನಾಲ್ಕಕ್ಕೆ ಮಾತ್ರೆಯ ಡಬ್ಬಿ ಅವನೇ ತುಂಬಿಕೊಳ್ಳಲಿ, ಹದಿನಾರಕ್ಕೆ ಚೀಟಿಯ ಸಾಲಿನಲ್ಲಿ ಅವನೇ ನಿಲ್ಲಲಿ. ಅಷ್ಟಾದರೆ ಹದಿನೆಂಟಕ್ಕೆ ಬದಲಾಗುವುದು ಕೋಣೆ ಮಾತ್ರ.

ಕಾಗದಪತ್ರಗಳದ್ದೂ ಒಂದು ವರಸೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್‌ಸೆಲ್ ಮೂರೂ ಸೇರಿವೆ. ಮಕ್ಕಳಿಗೆ ಕೊಡುವ ಪ್ರಮಾಣಪತ್ರಕ್ಕೆ ಎಷ್ಟೋ ಸಲ ಅವಧಿ ನಮೂದಾಗಿರುತ್ತದೆ. ಅದು ಮುಗಿಯುವ ಮುಂಚೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮರುಪರೀಕ್ಷೆ ಮಾಡಿಸದಿದ್ದರೆ ಸೌಲಭ್ಯ ನಿಲ್ಲುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದನ್ನು ಯಾರು ಬರೆದುಕೊಡುತ್ತಾರೆ ಎಂಬುದನ್ನು ಹುಡುಗನೇ ತಿಳಿದಿರಬೇಕು. ಆಭಾ ಎಂಬ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ನಂಬರ್ ಮಾಡಿಸಿ ರಿಪೋರ್ಟುಗಳನ್ನು ಅದಕ್ಕೆ ಜೋಡಿಸಿದರೆ ಪ್ಲಾಸ್ಟಿಕ್ ಕವರು ಕಳೆದರೂ ಚರಿತ್ರೆ ಕಳೆಯುವುದಿಲ್ಲ.

ಬಹಳ ಮನೆಗಳಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗನಿಗೋ ಮಗಳಿಗೋ 18 ತುಂಬಿದ ದಿನದಿಂದ ಹೆತ್ತವರು ಕಾನೂನಿನ ಕಣ್ಣಿನಲ್ಲಿ ತಾವೇ ತಾವಾಗಿ ಪೋಷಕರಲ್ಲ. ಆಪರೇಷನ್ನಿಗೆ ಒಪ್ಪಿಗೆ ಸಹಿ, ಬ್ಯಾಂಕ್ ಖಾತೆ, ಆಸ್ತಿ ವಿಷಯ ಬಂದಾಗ ಇದು ತಿಳಿಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆದುಕೊಳ್ಳಬಹುದು. ಕೋರ್ಟು ಕಚೇರಿ ಅಲೆಯುವ ಕೆಲಸವಲ್ಲ ಇದು; ಹದಿನೇಳರಲ್ಲೇ ಕಾಗದ ಜೋಡಿಸಿಕೊಂಡರೆ ಸಾಕು.

ಆಸ್ಪತ್ರೆಗಳ ಕಡೆಯಿಂದ ಆಗಬೇಕಾದ್ದಕ್ಕೆ ಹೊಸ ಕಟ್ಟಡ ಬೇಡ. ದಾವಣಗೆರೆಯ ಎರಡು ವೈದ್ಯಕೀಯ ಕಾಲೇಜುಗಳಲ್ಲೂ ಮಕ್ಕಳ ವಿಭಾಗ, ಮೆಡಿಸಿನ್ ವಿಭಾಗ ಎರಡೂ ಇವೆ, ಎರಡರಲ್ಲೂ ಎಂ.ಡಿ. ಓದುವವರಿದ್ದಾರೆ. ತಿಂಗಳಿಗೊಂದು ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಕೂತು 16 ದಾಟಿದ ಹಳೆಯ ರೋಗಿಗಳನ್ನು ನೋಡಿದರೆ ಹಳೆಯ ಡಾಕ್ಟರು ಹೊಸ ಡಾಕ್ಟರಿಗೆ ಕಥೆ ಹೇಳಿ ಒಪ್ಪಿಸಿದಂತಾಗುತ್ತದೆ. ಮಕ್ಕಳ ಕಾಯಿಲೆ ಕಂಡಿರದ ಎಳೆಯ ಫಿಜಿಶಿಯನ್‌ಗಳಿಗೂ ಪಾಠವಾಗುತ್ತದೆ. ಮಕ್ಕಳ ವಿಭಾಗದಿಂದ ಹೊರಡುವ ಪ್ರತಿಯೊಬ್ಬರ ಕೈಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೇ ಪುಟದ ಸಾರಾಂಶ ಕೊಡಬಹುದು: ಕಾಯಿಲೆ, ಆಪರೇಷನ್ನುಗಳು, ಈಗಿನ ಔಷಧ ಮತ್ತು ಪ್ರಮಾಣ, ಒಗ್ಗದ ಔಷಧ, ರಕ್ತದ ಗುಂಪು, ಮುಂದಿನ ಪರೀಕ್ಷೆಯ ತಾರೀಖು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಹಿಮೋಫಿಲಿಯಾದವರ ಪುಟದಲ್ಲಿ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ ಎಂಬ ಸಾಲು ಎದ್ದು ಕಾಣುವಂತಿರಬೇಕು.

ಹರಿಹರದ ತಾಲ್ಲೂಕು ಆಸ್ಪತ್ರೆಯ ಪಾತ್ರವೂ ಕಡಿಮೆಯದಲ್ಲ. ಪೆನ್ಸಿಲಿನ್ ಇಂಜೆಕ್ಷನ್ನಿಗೆ, ಮೂರ್ಛೆಮಾತ್ರೆಯ ಮುಂದಿನ ತಿಂಗಳ ಕಂತಿಗೆ, ಸಕ್ಕರೆ ಪರೀಕ್ಷೆಗೆ ದಾವಣಗೆರೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಅಗತ್ಯ ಇರಬಾರದು. ಬಾಲ ಸ್ವಾಸ್ಥ್ಯ ತಂಡ ಶಾಲೆಗಳಲ್ಲಿ ಗುರುತಿಸಿದ ಮಕ್ಕಳ ಪಟ್ಟಿ ತಾಲ್ಲೂಕು ಮಟ್ಟದಲ್ಲಿ ಹೇಗೂ ಇರುತ್ತದೆ. ಅದರಲ್ಲಿ ಈ ವರ್ಷ 17 ತುಂಬುವವರು ಯಾರು ಎಂದು ಪ್ರತಿ ಜೂನಿನಲ್ಲಿ ಒಮ್ಮೆ ತೆಗೆದು ನೋಡಿ, ಆ ಹೆಸರುಗಳನ್ನು ಆಯಾ ಊರಿನ ಆಶಾ ಕಾರ್ಯಕರ್ತೆಗೂ ಮೆಡಿಸಿನ್ ವಿಭಾಗಕ್ಕೂ ಕೊಡಬಹುದು. ವರ್ಷವಾದ ಮೇಲೆ ಅದೇ ಪಟ್ಟಿ ಹಿಡಿದು ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತು ಹಾಕಬೇಕು. ಬರದವರ ಮನೆಗೆ ಮೊದಲ ಫೋನು ಹೋಗಬೇಕಾದ್ದು ಅಮ್ಮನ ನಂಬರಿಗಲ್ಲ, ಆ ಹುಡುಗನ ಅಥವಾ ಹುಡುಗಿಯ ನಂಬರಿಗೆ.